ಹುಟ್ಟುವಾಗ ಮಗುವಿಗೆ ಆಮ್ಲಜನಕ ಸಾಲದೇ ಹೋದರೆ

"ಹುಟ್ಟಿದ ಕೂಡಲೇ ಮಗು ಅಳಲಿಲ್ಲವಂತೆ" ಎಂಬ ಒಂದು ಮಾತು ಕೆಲವು ಮನೆಗಳಲ್ಲಿ ವರ್ಷಗಟ್ಟಲೆ ಉಳಿದುಬಿಡುತ್ತದೆ. ಮಗು ಕೂರುವುದು ತಡವಾದರೂ ಅದೇ ಮಾತು, ನುಡಿ ತೊದಲಿದರೂ ಅದೇ ಮಾತು, ಶಾಲೆಯಲ್ಲಿ ಲೆಕ್ಕ ತಲೆಗೆ ಹತ್ತದಿದ್ದರೂ ಅದೇ ಮಾತು. ಹೆತ್ತವಳು ಅದನ್ನು ತನ್ನಿಂದಲೇ ಆದ ಅಪರಾಧವೆಂಬಂತೆ ಹೊತ್ತುಕೊಂಡಿರುತ್ತಾಳೆ. ಆದರೆ ತಡವಾಗಿ ಅತ್ತ ಮಕ್ಕಳಲ್ಲಿ ಬಹುಪಾಲು ಮಕ್ಕಳ ಮಿದುಳಿಗೆ ಯಾವ ಪೆಟ್ಟೂ ಬಿದ್ದಿರುವುದಿಲ್ಲ. ಕೆಲವರಿಗೆ ಮಾತ್ರ ನಿಜವಾದ, ಗಂಭೀರವಾದ ಹಾನಿ ಆಗಿರುತ್ತದೆ. ಈ ಎರಡನ್ನೂ ಬೇರೆ ಮಾಡುವುದು ಯಾವುದು, ಹಾನಿ ಹೇಗೆ ಆಗುತ್ತದೆ, ಅದನ್ನು ಎಲ್ಲೆಲ್ಲಿ ತಡೆಯಬಹುದು ಎಂಬುದನ್ನು ಬಿಡಿಸಿ ಹೇಳುವ ಪ್ರಯತ್ನ ಇದು.

ಮೊದಲಿಗೇ ಒಂದು ವಿಷಯ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಆಮ್ಲಜನಕದ ಕೊರತೆಯಿಂದ ಮಿದುಳಿಗೆ ಆಗುವ ಹಾನಿ ಒಂದೇ ಗಳಿಗೆಯಲ್ಲಿ ಆಗಿ ಮುಗಿಯುವುದಿಲ್ಲ. ಅದರಲ್ಲಿ ನಿಮಿಷಗಳ ಲೆಕ್ಕದ ಹಂತ ಒಂದಿದೆ, ಗಂಟೆಗಳ ಲೆಕ್ಕದ್ದು ಇನ್ನೊಂದು, ದಿನಗಳ ಲೆಕ್ಕದ್ದು ಮತ್ತೊಂದು. ಒಂದೊಂದು ಹಂತದಲ್ಲೂ ಮಾಡಬೇಕಾದ ಕೆಲಸ ಬೇರೆ.

ಗರ್ಭದೊಳಗಿನ ಲೆಕ್ಕಾಚಾರ

ಗರ್ಭದಲ್ಲಿರುವ ಮಗುವಿನ ಶ್ವಾಸಕೋಶದ ತುಂಬ ದ್ರವ ಇರುತ್ತದೆ. ಅಲ್ಲಿ ಗಾಳಿಗೆ ಕೆಲಸವಿಲ್ಲ. ತಾಯಿ ಉಸಿರಾಡಿದ ಆಮ್ಲಜನಕ ಆಕೆಯ ರಕ್ತದಲ್ಲಿ ಗರ್ಭಕೋಶಕ್ಕೆ ಬಂದು, ಮಾಸಿನಲ್ಲಿ ಮಗುವಿನ ರಕ್ತಕ್ಕೆ ದಾಟಿ, ಹೊಕ್ಕುಳಬಳ್ಳಿಯ ಮೂಲಕ ಒಳಗೆ ಹೋಗುತ್ತದೆ. ಬಳ್ಳಿಯಲ್ಲಿ ಸಾಮಾನ್ಯವಾಗಿ ಎರಡು ಅಪಧಮನಿ, ಒಂದು ಅಭಿಧಮನಿ. ನಮ್ಮ ದೇಹದ ಬಹುಪಾಲು ಭಾಗಗಳಿಗೆ ವಿರುದ್ಧವಾಗಿ ಇಲ್ಲಿ ಶುದ್ಧ ರಕ್ತ ತರುವುದು ಅಭಿಧಮನಿ, ಇಂಗಾಲದ ಡೈಆಕ್ಸೈಡ್ ತುಂಬಿದ ರಕ್ತವನ್ನು ಮಾಸಿಗೆ ಮರಳಿಸುವುದು ಅಪಧಮನಿಗಳು.

ಈ ವ್ಯವಸ್ಥೆಯಲ್ಲಿ ಮಗುವಿಗೆ ಸಿಗುವ ಆಮ್ಲಜನಕದ ಒತ್ತಡ ಬಹಳ ಕಡಿಮೆ. ದೊಡ್ಡವರ ಅಪಧಮನಿಯ ರಕ್ತದಲ್ಲಿ ಅದು 80ರಿಂದ 100 ಮಿಲಿಮೀಟರ್ ಪಾದರಸದಷ್ಟಿದ್ದರೆ ಗರ್ಭದ ಮಗುವಿನಲ್ಲಿ 20ರಿಂದ 30ರ ಆಸುಪಾಸು. ಆದರೂ ಮಗುವಿಗೆ ಉಸಿರುಗಟ್ಟುವುದಿಲ್ಲ. ಅದರ ಹಿಮೋಗ್ಲೋಬಿನ್ ನಮ್ಮದಕ್ಕಿಂತ ಬೇರೆ ಬಗೆಯದು, ಕಡಿಮೆ ಒತ್ತಡದಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅದರ ಪ್ರಮಾಣವೂ ಹೆಚ್ಚು, ಹೃದಯದ ಬಡಿತವೂ ವೇಗ. ಹೀಗಾಗಿ ಹುಟ್ಟಿದ ಮೊದಲ ನಿಮಿಷದಲ್ಲಿ ಮಗುವಿನ ಕೈಗೆ ಯಂತ್ರ ಹಾಕಿ ನೋಡಿದರೆ ಆಮ್ಲಜನಕದ ಮಟ್ಟ ಶೇ. 60-65 ಇರುವುದು ಸಹಜವೇ. ಶೇ. 85ರ ಗಡಿ ಮುಟ್ಟಲು ಐದು ನಿಮಿಷ ಬೇಕು, ಕೆಲವೊಮ್ಮೆ ಹತ್ತು. ಆರೋಗ್ಯವಂತ ಮಗುವೂ ಹುಟ್ಟಿದ ಕೂಡಲೇ ಸ್ವಲ್ಪ ನೀಲಿಯಾಗಿ ಕಾಣುವುದು ಇದೇ ಕಾರಣಕ್ಕೆ.

ಹೆರಿಗೆ ನೋವು ಶುರುವಾದ ಮೇಲೆ ಲೆಕ್ಕ ಸ್ವಲ್ಪ ಬಿಗಿಯಾಗುತ್ತದೆ. ಪ್ರತಿ ನೋವು ಬಂದಾಗಲೂ ಗರ್ಭಕೋಶದ ಸ್ನಾಯು ಬಿಗಿದು ಅದರೊಳಗೆ ಹಾದುಹೋಗುವ ರಕ್ತನಾಳಗಳನ್ನು ಹಿಂಡುತ್ತದೆ. ನೋವು ತುದಿ ಮುಟ್ಟಿದಾಗ ಮಾಸಿಗೆ ಬರುವ ತಾಯಿಯ ರಕ್ತ ತೀರಾ ಕಡಿಮೆಯಾಗುತ್ತದೆ. ನೋವು ಇಳಿದಾಗ ರಕ್ತ ಮತ್ತೆ ನುಗ್ಗಿ ಬರುತ್ತದೆ, ಮಗು ಚೇತರಿಸಿಕೊಳ್ಳುತ್ತದೆ. ಎರಡು ನೋವುಗಳ ನಡುವಿನ ಆ ಬಿಡುವೇ ಮಗುವಿಗೆ ಉಸಿರು. ನೋವು ಬರಿಸುವ ಆಕ್ಸಿಟೋಸಿನ್ ಡ್ರಿಪ್ ಹಾಕಿದಾಗ ಅದರ ವೇಗವನ್ನು ಅಷ್ಟು ಎಚ್ಚರದಿಂದ ನೋಡಿಕೊಳ್ಳುವುದು ಇದಕ್ಕೇ. ಹತ್ತು ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ನೋವುಗಳು ಬರತೊಡಗಿದರೆ ಮಗುವಿಗೆ ಚೇತರಿಸಿಕೊಳ್ಳಲು ಸಮಯ ಸಾಲುವುದಿಲ್ಲ, ಆಗ ಡ್ರಿಪ್ ತಗ್ಗಿಸಬೇಕು ಅಥವಾ ನಿಲ್ಲಿಸಬೇಕು.

ಎಲ್ಲಿ ತಪ್ಪುತ್ತದೆ

ತಾಯಿಯ ಶ್ವಾಸಕೋಶದಿಂದ ಮಗುವಿನ ಮಿದುಳಿನವರೆಗಿನ ಈ ದಾರಿಯಲ್ಲಿ ಎಲ್ಲಿ ಬೇಕಾದರೂ ತಡೆ ಬೀಳಬಹುದು. ಕೆಲವು ತಡೆಗಳು ದಿಢೀರನೆ ಬರುವಂಥವು. ನೀರು ಒಡೆದಾಗ ಬಳ್ಳಿ ಮಗುವಿಗಿಂತ ಮೊದಲು ಕೆಳಗೆ ಜಾರಿ, ಮಗುವಿನ ತಲೆಗೂ ತಾಯಿಯ ಮೂಳೆಗೂ ನಡುವೆ ಸಿಕ್ಕಿ ಒತ್ತಿಹೋಗಬಹುದು. ಹೆರಿಗೆಗೆ ಮೊದಲೇ ಮಾಸು ಗರ್ಭಕೋಶದ ಗೋಡೆಯಿಂದ ಬಿಟ್ಟುಕೊಳ್ಳಬಹುದು. ಹಿಂದೆ ಸಿಸೇರಿಯನ್ ಆಗಿದ್ದ ಗಾಯದ ಜಾಗದಲ್ಲಿ ಗರ್ಭಕೋಶವೇ ಬಿರಿಯಬಹುದು. ಇದು ಅಪರೂಪ, ಆದರೆ ಆದಾಗ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ತಲೆ ಹೊರಬಂದ ಮೇಲೆ ಭುಜ ಸಿಕ್ಕಿಹಾಕಿಕೊಳ್ಳುವುದೂ ಇದೇ ಸಾಲಿನದು. ಇಂಥ ಸಂದರ್ಭಗಳಲ್ಲಿ ಕೈಯಲ್ಲಿರುವುದು ಕೆಲವೇ ನಿಮಿಷ.

ಇನ್ನು ಕೆಲವು ನಿಧಾನವಾಗಿ ಮಗುವಿನ ಶಕ್ತಿಯನ್ನು ಕುಗ್ಗಿಸುತ್ತವೆ. ಬಿಪಿ ಏರಿ ಮಾಸಿನ ರಕ್ತನಾಳಗಳು ಮೊದಲೇ ಸೊರಗಿರುವುದು, ಗರ್ಭದಲ್ಲೇ ಮಗುವಿನ ಬೆಳವಣಿಗೆ ಕುಂಠಿತವಾಗಿರುವುದು, ದಾರಿ ಸಿಗದೆ ಗಂಟೆಗಟ್ಟಲೆ ಎಳೆಯುವ ಹೆರಿಗೆ, ತಾಯಿಗೆ ಸೋಂಕು, ತೀವ್ರ ರಕ್ತಸ್ರಾವ. ಹೀಗೆ ಮೊದಲೇ ದಣಿದ ಮಗುವಿಗೆ ಸಾಮಾನ್ಯ ನೋವುಗಳನ್ನು ತಡೆದುಕೊಳ್ಳುವುದೂ ಕಷ್ಟ.

ಕತ್ತಿಗೆ ಬಳ್ಳಿ ಸುತ್ತಿಕೊಂಡಿದ್ದರ ಬಗ್ಗೆ ಎಲ್ಲರಿಗೂ ಭಯವಿದೆ, ಸ್ಕ್ಯಾನಿನಲ್ಲಿ ಕಂಡರಂತೂ ನಿದ್ದೆ ಹೋಗುತ್ತದೆ. ನಿಜವಾಗಿ ನೋಡಿದರೆ ತುಂಬು ತಿಂಗಳಲ್ಲಿ ಹುಟ್ಟುವ ನಾಲ್ಕೈದು ಮಕ್ಕಳಲ್ಲಿ ಒಬ್ಬರ ಕತ್ತಿಗೆ ಬಳ್ಳಿ ಸುತ್ತಿರುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಅದರಿಂದ ಏನೂ ಆಗುವುದಿಲ್ಲ. ಮಗು ಕತ್ತಿನಿಂದ ಉಸಿರಾಡುತ್ತಿಲ್ಲವಲ್ಲ. ಬಳ್ಳಿಯೊಳಗಿನ ರಕ್ತ ಹರಿಯುತ್ತಿದ್ದರೆ ಸಾಕು.

ಆಮ್ಲಜನಕ ಕಡಿಮೆಯಾಗತೊಡಗಿದಾಗ ಮಗುವಿನ ದೇಹ ಸುಮ್ಮನೆ ಕೂರುವುದಿಲ್ಲ. ಚರ್ಮ, ಕರುಳು, ಮೂತ್ರಪಿಂಡಗಳಿಗೆ ಹೋಗುವ ರಕ್ತವನ್ನು ತಗ್ಗಿಸಿ ಮಿದುಳು, ಹೃದಯ ಮತ್ತು ಅಡ್ರಿನಲ್ ಗ್ರಂಥಿಗಳಿಗೆ ಹೆಚ್ಚು ಹರಿಸುತ್ತದೆ. ಆಮ್ಲಜನಕವಿಲ್ಲದೆಯೇ ಸಕ್ಕರೆಯನ್ನು ಒಡೆದು ಒಂದಷ್ಟು ಶಕ್ತಿ ಪಡೆಯುತ್ತದೆ, ಅದರ ಜೊತೆಗೆ ಲ್ಯಾಕ್ಟಿಕ್ ಆಮ್ಲ ಶೇಖರವಾಗಿ ರಕ್ತ ಆಮ್ಲೀಯವಾಗುತ್ತದೆ. ಕೊರತೆ ಬೇಗ ಸರಿಹೋದರೆ ಈ ಹೊಂದಾಣಿಕೆಯೇ ಮಗುವನ್ನು ಕಾಪಾಡುತ್ತದೆ. ಮುಂದುವರಿದರೆ ಹೃದಯ ಸೋಲುತ್ತದೆ, ರಕ್ತದೊತ್ತಡ ಬೀಳುತ್ತದೆ, ಮಿದುಳಿಗೆ ಕೊಟ್ಟ ಆದ್ಯತೆಯೂ ಉಳಿಯುವುದಿಲ್ಲ. ಮಿದುಳಿಗೆ ನಿಜವಾದ ಪೆಟ್ಟು ಬೀಳುವುದು ಆಮ್ಲಜನಕವೂ ಕಡಿಮೆ, ರಕ್ತದ ಹರಿವೂ ಕಡಿಮೆ ಎಂಬ ಈ ಜೋಡಿ ಸ್ಥಿತಿಯಲ್ಲಿ. ವೈದ್ಯರು ಚೀಟಿಯಲ್ಲಿ ಎಚ್‌ಐಇ ಎಂದು ಬರೆಯುವುದು ಇದರಿಂದಾದ ಮಿದುಳಿನ ತೊಂದರೆಯನ್ನೇ.

ಹೊರಗಿನಿಂದ ತಿಳಿಯುವುದು ಹೇಗೆ

ಗರ್ಭದ ಮಗುವಿನ ಆಮ್ಲಜನಕವನ್ನು ನೇರವಾಗಿ ಅಳೆಯಲು ದಿನಬಳಕೆಯ ಸಾಧನವಿಲ್ಲ. ಇರುವುದು ಹೃದಯ ಬಡಿತ. ನಿಮಿಷಕ್ಕೆ 110ರಿಂದ 160 ಸಹಜ. ಹೆರಿಗೆಯ ಮೊದಲ ಹಂತದಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ, ತಾಯಿ ಮುಕ್ಕುವ ಎರಡನೇ ಹಂತದಲ್ಲಿ ಐದು ನಿಮಿಷಕ್ಕೊಮ್ಮೆ ಬಡಿತ ಕೇಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೇಳಬೇಕಾದ ಸಮಯವೂ ಮುಖ್ಯ. ನೋವು ಬಂದು ಇಳಿಯುವಾಗ ಮತ್ತು ಇಳಿದ ಮೇಲೆ ಬಡಿತ ತಗ್ಗಿ ಮೇಲೇಳಲು ತಡಮಾಡುತ್ತಿದ್ದರೆ, ಆ ಬಿಡುವಿನಲ್ಲಿ ಮಗುವಿಗೆ ಚೇತರಿಸಿಕೊಳ್ಳಲು ಆಗುತ್ತಿಲ್ಲವೆಂದು ಅರ್ಥ.

ಹೊಟ್ಟೆಗೆ ಪಟ್ಟಿ ಕಟ್ಟಿ ಕಾಗದದ ಮೇಲೆ ಗೆರೆ ಬರೆಸುವ ಸಿಟಿಜಿ ಯಂತ್ರ 1970ರ ದಶಕದಿಂದ ವ್ಯಾಪಕವಾಗಿ ಬಳಕೆಗೆ ಬಂತು. ಅದರಿಂದ ಮಿದುಳಿನ ಹಾನಿ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ ಎಂಬ ನಿರೀಕ್ಷೆಯಿತ್ತು. ಹಾಗಾಗಲಿಲ್ಲ. ಸಿಸೇರಿಯನ್‌ಗಳು ಹೆಚ್ಚಿದವು, ಮಿದುಳಿಗೆ ಎಳವೆಯಲ್ಲೇ ಆದ ಹಾನಿಯಿಂದ ಕೈಕಾಲಿನ ಹಿಡಿತ ತಪ್ಪುವ ಸೆರೆಬ್ರಲ್ ಪಾಲ್ಸಿಯ ಪ್ರಮಾಣ ಮಾತ್ರ ಇಳಿಯಲಿಲ್ಲ. ಗೆರೆ ಸಹಜವಾಗಿದ್ದರೆ ಮಗು ಚೆನ್ನಾಗಿದೆ ಎಂಬುದನ್ನು ನಂಬಬಹುದು. ಗೆರೆ ಕೆಟ್ಟದಾಗಿ ಕಂಡ ಮಾತ್ರಕ್ಕೆ ಮಗು ಅಪಾಯದಲ್ಲಿದೆ ಎನ್ನಲು ಬರುವುದಿಲ್ಲ, ಎಷ್ಟೋ ಸಲ ಅಂಥ ಮಗು ಗಟ್ಟಿಯಾಗಿ ಅಳುತ್ತಲೇ ಹೊರಬರುತ್ತದೆ. ಆದರೂ ಗೆರೆ ಕೆಟ್ಟಾಗ ಸುಮ್ಮನೆ ಕೂರುವಂತಿಲ್ಲ. ತಾಯಿಯನ್ನು ಮಗ್ಗುಲಿಗೆ ತಿರುಗಿಸುವುದು, ಡ್ರಿಪ್ ನಿಲ್ಲಿಸುವುದು, ಬಿಪಿ ಬಿದ್ದಿದ್ದರೆ ಸರಿಪಡಿಸುವುದು, ಸುಧಾರಿಸದಿದ್ದರೆ ಹೆರಿಗೆಯನ್ನು ಬೇಗ ಮುಗಿಸುವುದು ಈ ಕ್ರಮದಲ್ಲಿ ಕೆಲಸ ಸಾಗುತ್ತದೆ.

ಮಗು ಹೊಟ್ಟೆಯಲ್ಲೇ ಮಲ ಮಾಡಿಕೊಂಡಿದೆ ಎಂಬುದೂ ಹೀಗೆಯೇ. ಅದು ಕೆಲವೊಮ್ಮೆ ಸಂಕಟದ ಸೂಚನೆ, ದಿನ ತುಂಬಿದ ಎಷ್ಟೋ ಮಕ್ಕಳಲ್ಲಿ ಬರೀ ಕರುಳು ಬಲಿತಿರುವುದರ ಸೂಚನೆ. ಅದೊಂದನ್ನೇ ಹಿಡಿದು ಉಸಿರುಗಟ್ಟಿತ್ತು ಎಂದು ತೀರ್ಮಾನಿಸಲಾಗದು.

ಮೊದಲ ನಿಮಿಷ

ಹೊರಬಂದ ನೂರು ಮಕ್ಕಳಲ್ಲಿ ಸುಮಾರು 85 ಮಕ್ಕಳು ಅರ್ಧ ನಿಮಿಷದೊಳಗೆ ತಾವಾಗಿಯೇ ಉಸಿರಾಡತೊಡಗುತ್ತವೆ. ಇನ್ನೊಂದು ಹತ್ತು ಮಕ್ಕಳಿಗೆ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಬೆನ್ನು ಸವರಿದರೆ ಸಾಕು. ಸುಮಾರು ಐದು ಮಕ್ಕಳಿಗೆ ಮುಖಕ್ಕೆ ಮಾಸ್ಕ್ ಇಟ್ಟು, ಬ್ಯಾಗ್ ಒತ್ತಿ ಶ್ವಾಸಕೋಶಕ್ಕೆ ಗಾಳಿ ತುಂಬಬೇಕಾಗುತ್ತದೆ. ಎದೆ ಒತ್ತಬೇಕಾಗಿ ಬರುವುದು ಸಾವಿರಕ್ಕೆ ಒಂದೋ ಎರಡೋ ಮಕ್ಕಳಿಗೆ.

ಆ ಐದು ಮಕ್ಕಳ ವಿಷಯದಲ್ಲಿ ಸಮಯ ಏಕೆ ಅಷ್ಟು ಮುಖ್ಯ ಎಂಬುದನ್ನು ಆಕ್ಸ್‌ಫರ್ಡ್‌ನ ವಿಜ್ಞಾನಿ ಜೆಫ್ರಿ ಡಾಸ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳು ತೋರಿಸಿಕೊಟ್ಟವು. ಆಮ್ಲಜನಕ ನಿಂತಾಗ ಮರಿ ಮೊದಲು ಜೋರಾಗಿ ಉಸಿರೆಳೆಯಲು ನೋಡುತ್ತದೆ, ಆಮೇಲೆ ಉಸಿರು ನಿಲ್ಲಿಸುತ್ತದೆ. ಈ ಮೊದಲ ನಿಲುಗಡೆಯಲ್ಲಿ ಮೈ ಉಜ್ಜಿದರೂ ಉಸಿರು ಮರಳಬಹುದು. ಕೊರತೆ ಮುಂದುವರಿದರೆ ಏದುಸಿರಿನಂತೆ ಕೆಲವು ಸಲ ಬಿಕ್ಕಿ, ಎರಡನೇ ಸಲ ನಿಲ್ಲಿಸುತ್ತದೆ. ಈ ಎರಡನೇ ನಿಲುಗಡೆಯಿಂದ ತಾನಾಗಿ ಹೊರಬರಲು ಆಗದು, ಹೊರಗಿನಿಂದ ಗಾಳಿ ತುಂಬಲೇಬೇಕು. ಹುಟ್ಟಿದ ಮಗು ಉಸಿರಾಡದೆ ಮಲಗಿರುವಾಗ ಅದು ಮೊದಲ ನಿಲುಗಡೆಯೋ ಎರಡನೆಯದೋ ಎಂದು ನೋಡಿ ಹೇಳುವುದು ಸಾಧ್ಯವಿಲ್ಲ. ಹಾಗಾಗಿ ಕಾಯುವಂತಿಲ್ಲ. ಒರೆಸಿದರೂ ಉಸಿರು ಬಾರದಿದ್ದರೆ ಒಂದು ನಿಮಿಷ ತುಂಬುವುದರೊಳಗೆ ಗಾಳಿ ತುಂಬಲು ಶುರುಮಾಡಬೇಕು. 2010ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೊರತಂದ ಹೆಲ್ಪಿಂಗ್ ಬೇಬೀಸ್ ಬ್ರೀದ್ ತರಬೇತಿ ಇದನ್ನೇ ಸುವರ್ಣ ನಿಮಿಷ ಎಂದು ಕರೆದು, ಸೌಕರ್ಯ ಕಡಿಮೆಯಿರುವ ಕಡೆಗಳಲ್ಲಿ ಹೆರಿಗೆ ಮಾಡಿಸುವವರ ಕೈಗೂ ಈ ವಿದ್ಯೆ ತಲುಪುವಂತೆ ಮಾಡಿತು. ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಜೀವ ಉಳಿಸುವ ಸಂಗತಿ ಯಾವುದೆಂದು ಕೇಳಿದರೆ ನಾನು ಹೇಳುವುದು ಇದನ್ನೇ: ಪ್ರತಿ ಹೆರಿಗೆಯಲ್ಲೂ ಒಂದು ಬ್ಯಾಗು, ಸರಿಯಾದ ಅಳತೆಯ ಮಾಸ್ಕು, ಅದನ್ನು ಬಳಸಲು ಪಳಗಿದ ಒಬ್ಬರು.

ತುಂಬು ತಿಂಗಳ ಮಗುವಿಗೆ ಶುರುವಿನಲ್ಲಿ ತುಂಬುವುದು ಮಾಮೂಲಿ ಗಾಳಿಯನ್ನೇ. ಹಿಂದೆ ಶೇ. 100 ಆಮ್ಲಜನಕ ಕೊಡುವುದು ರೂಢಿಯಲ್ಲಿತ್ತು. ಅದರಿಂದ ಲಾಭಕ್ಕಿಂತ ತೊಂದರೆಯೇ ಹೆಚ್ಚು, ಮಾಮೂಲಿ ಗಾಳಿ ಕೊಟ್ಟ ಮಕ್ಕಳಲ್ಲಿ ಸಾವು ಕಡಿಮೆ ಎಂದು ಅಧ್ಯಯನಗಳು ತೋರಿಸಿದ ಮೇಲೆ 2010ರ ಅಂತರರಾಷ್ಟ್ರೀಯ ಮಾರ್ಗಸೂಚಿ ಅದನ್ನು ಬದಲಿಸಿತು. ನಿಮಿಷಕ್ಕೆ 40ರಿಂದ 60 ಸಲ ಗಾಳಿ ತುಂಬುತ್ತ, ಎದೆ ಏರುತ್ತಿದೆಯೇ ಎಂದು ನೋಡುತ್ತಾರೆ. ಕೆಲಸ ಫಲಿಸುತ್ತಿದೆ ಎನ್ನಲು ಮೊದಲ ಗುರುತು ಹೃದಯ ಬಡಿತ ಏರುವುದು. ಮೈಬಣ್ಣ, ಅಳು ಎಲ್ಲ ಆಮೇಲೆ. ಸರಿಯಾಗಿ ಗಾಳಿ ತುಂಬಿದ ಮೇಲೂ ಬಡಿತ 60ಕ್ಕಿಂತ ಕಡಿಮೆ ಇದ್ದರೆ ಎದೆ ಒತ್ತುವುದು ಶುರುವಾಗುತ್ತದೆ, ಮೂರು ಒತ್ತಿಗೆ ಒಂದು ಉಸಿರಿನಂತೆ. ಕಾಲು ಹಿಡಿದು ತಲೆಕೆಳಗಾಗಿ ತೂಗುವುದು, ಬೆನ್ನಿಗೆ ಹೊಡೆಯುವುದು, ತಣ್ಣೀರು ಎರಚುವುದು ಇವುಗಳಿಂದ ಹಾನಿಯೇ ಹೊರತು ಉಪಯೋಗವಿಲ್ಲ.

ಅಪ್ಗಾರ್ ಅಂಕ ಹೇಳುವುದೆಷ್ಟು

ಬಿಡುಗಡೆಯ ಚೀಟಿಯಲ್ಲಿ "ಅಪ್ಗಾರ್ 4, 7" ಎಂಬಂತೆ ಬರೆದಿರುತ್ತಾರೆ. ಇದನ್ನು ರೂಪಿಸಿದವರು ಅಮೆರಿಕದ ಅರಿವಳಿಕೆ ತಜ್ಞೆ ವರ್ಜೀನಿಯಾ ಅಪ್ಗಾರ್, 1952ರಲ್ಲಿ. ಹೃದಯ ಬಡಿತ, ಉಸಿರಾಟ, ಸ್ನಾಯುಗಳ ಬಿಗಿ, ಪ್ರತಿಕ್ರಿಯೆ, ಬಣ್ಣ ಈ ಐದಕ್ಕೂ 0, 1 ಅಥವಾ 2 ಅಂಕ. ಹುಟ್ಟಿದ ಒಂದನೇ ನಿಮಿಷಕ್ಕೆ, ಐದನೇ ನಿಮಿಷಕ್ಕೆ, ಅಂಕ ಕಡಿಮೆಯಿದ್ದರೆ ಹತ್ತನೇ ನಿಮಿಷಕ್ಕೂ ಎಣಿಸುತ್ತಾರೆ.

ಒಂದನೇ ನಿಮಿಷದ ಅಂಕ ಕಡಿಮೆಯಿದ್ದದ್ದು ಮುಂದಿನ ಬೆಳವಣಿಗೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ತಾಯಿಗೆ ಕೊಟ್ಟ ಔಷಧ, ಅವಧಿಪೂರ್ವ ಜನನ, ಸೋಂಕು, ಹುಟ್ಟಿನಿಂದಲೇ ಬಂದ ಸ್ನಾಯು ತೊಂದರೆ ಇವುಗಳಿಂದಲೂ ಅಂಕ ಇಳಿಯುತ್ತದೆ. ಐದನೇ, ಹತ್ತನೇ ನಿಮಿಷಕ್ಕೂ 5 ದಾಟದಿದ್ದರೆ ಚಿಂತೆಗೆ ಕಾರಣವಿದೆ. ಅದರ ಜೊತೆ ನೋಡಬೇಕಾದದ್ದು ಹೊಕ್ಕುಳಬಳ್ಳಿಯ ರಕ್ತದ ಪರೀಕ್ಷೆ. ರಕ್ತ ಎಷ್ಟು ಆಮ್ಲೀಯವಾಗಿದೆ ಎಂದು ಹೇಳುವ ಅಳತೆ ಪಿಎಚ್, ಅದು ಇಳಿದಷ್ಟೂ ಆಮ್ಲ ಹೆಚ್ಚು. ಅದು 7.0ಕ್ಕಿಂತ ಕೆಳಗಿದ್ದರೆ ಹುಟ್ಟುವ ಹೊತ್ತಿಗೆ ತೀವ್ರ ಕೊರತೆ ಇತ್ತೆಂಬುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಂತೆ. ಅಂಥ ಮಕ್ಕಳಲ್ಲೂ ಎಷ್ಟೋ ಮಕ್ಕಳು ಯಾವ ತೊಂದರೆಯೂ ಇಲ್ಲದೆ ಮನೆಗೆ ಹೋಗುತ್ತಾರೆ. ಮಿದುಳಿಗೆ ಪೆಟ್ಟು ಬಿದ್ದಿದೆಯೇ ಎಂದು ಹೇಳುವುದು ಮುಂದಿನ ಗಂಟೆಗಳಲ್ಲಿ ಮಗುವಿನ ವರ್ತನೆ.

1976ರಲ್ಲಿ ಹಾರ್ವೆ ಸಾರ್ನಾಟ್ ಮತ್ತು ಮಾರ್ಗರೆಟ್ ಸಾರ್ನಾಟ್ ಈ ವರ್ತನೆಯನ್ನು ಮೂರು ದರ್ಜೆಗಳಾಗಿ ವಿಂಗಡಿಸಿದರು, ಇಂದಿಗೂ ಅದೇ ಬಳಕೆಯಲ್ಲಿದೆ. ಸೌಮ್ಯ ದರ್ಜೆಯ ಮಗು ಬೆಚ್ಚಿಬೀಳುತ್ತದೆ, ಕಣ್ಣರಳಿಸಿ ಎಚ್ಚರವಾಗಿರುತ್ತದೆ, ಹಾಲು ಹೀರುವುದು ಸ್ವಲ್ಪ ಕಡಿಮೆ. ಮಧ್ಯಮ ದರ್ಜೆಯಲ್ಲಿ ಮಂಪರು, ಮೈ ಸಡಿಲ, ಹೀರುವ ಶಕ್ತಿ ಇಲ್ಲ, ಫಿಟ್ಸ್ ಸಾಮಾನ್ಯ. ತೀವ್ರ ದರ್ಜೆಯ ಮಗು ಕರೆದರೂ ಮುಟ್ಟಿದರೂ ಸ್ಪಂದಿಸದು, ಉಸಿರಿಗೆ ವೆಂಟಿಲೇಟರ್ ಬೇಕಾಗಬಹುದು. ಫಿಟ್ಸ್ ಎಂದರೆ ದೊಡ್ಡವರಂತೆ ಕೈಕಾಲು ಬಡಿಯುವುದು ಅಂತಲ್ಲ. ನವಜಾತ ಶಿಶುವಿನಲ್ಲಿ ತುಟಿ ಚಪ್ಪರಿಸಿದಂತೆ, ಸೈಕಲ್ ತುಳಿದಂತೆ, ಕಣ್ಣು ಒಂದೇ ಕಡೆ ನೆಟ್ಟಂತೆ ಕಾಣಬಹುದು; ಕೆಲವೊಮ್ಮೆ ಹೊರಗೆ ಏನೂ ಕಾಣದೆ, ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿಯಲ್ಲಿ ಮಾತ್ರ ಗೊತ್ತಾಗುತ್ತದೆ.

ಆರು ಗಂಟೆಯ ಬಿಡುವು

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಆಮ್ಲಜನಕ ನಿಂತ ನಿಮಿಷಗಳಲ್ಲಿ ಮಿದುಳಿನ ಜೀವಕೋಶಗಳಿಗೆ ಶಕ್ತಿ ಸಿಗದೆ ಒಂದಷ್ಟು ಕೋಶಗಳು ಅಲ್ಲೇ ಸಾಯುತ್ತವೆ. ಶಕ್ತಿಯಿಲ್ಲದ ಕೋಶಗಳ ಹೊರಪೊರೆ ಸೋಡಿಯಂ, ಕ್ಯಾಲ್ಸಿಯಂಗಳನ್ನು ಹೊರಗಿಡಲಾರದೆ ಕೋಶ ಊದಿಕೊಳ್ಳುತ್ತದೆ. ಗ್ಲುಟಮೇಟ್ ಎಂಬ ಸಂದೇಶವಾಹಕ ರಾಸಾಯನಿಕ ಮಿತಿಮೀರಿ ಹೊರಚೆಲ್ಲಿ ಪಕ್ಕದ ಕೋಶಗಳನ್ನೂ ಕೆರಳಿಸುತ್ತದೆ. ಇದು ಮೊದಲ ಪೆಟ್ಟು.

ಮಗುವಿಗೆ ಗಾಳಿ ತುಂಬಿ, ಹೃದಯ ಬಡಿದು, ರಕ್ತ ಮರಳಿದಾಗ ಉಳಿದ ಕೋಶಗಳು ಚೇತರಿಸಿಕೊಳ್ಳುತ್ತವೆ. ಶಕ್ತಿಯ ಉತ್ಪಾದನೆ ಬಹುಮಟ್ಟಿಗೆ ಸಹಜ ಸ್ಥಿತಿಗೆ ಬರುತ್ತದೆ. ಎಲ್ಲ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ, ಸುಮಾರು 6 ಗಂಟೆಯ ನಂತರ ಎರಡನೇ ಕುಸಿತ ಶುರುವಾಗುತ್ತದೆ. ಬೂದಿ ಮುಚ್ಚಿದ ಕೆಂಡದ ಹಾಗೆ ಒಳಗೊಳಗೇ ನಡೆದಿದ್ದ ಕ್ರಿಯೆಗಳು ಆಗ ಹೊರಬೀಳುತ್ತವೆ. ಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಗಳು ಕೈಕೊಡುತ್ತವೆ, ಉರಿಯೂತ ಹರಡುತ್ತದೆ, ಮೊದಲ ಪೆಟ್ಟಿನಲ್ಲಿ ಬದುಕಿ ಉಳಿದಿದ್ದ ಕೋಶಗಳು ತಮ್ಮನ್ನು ತಾವೇ ಮುಗಿಸಿಕೊಳ್ಳುವ ದಾರಿ ಹಿಡಿಯುತ್ತವೆ. ಫಿಟ್ಸ್ ಹೆಚ್ಚಾಗಿ ಮೊದಲ ದಿನದಲ್ಲೇ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ಈ ಎರಡನೇ ಕುಸಿತ ಮೂರು ದಿನದವರೆಗೂ ನಡೆಯಬಹುದು.

ಮೊದಲ ಪೆಟ್ಟಿಗೂ ಎರಡನೆಯದಕ್ಕೂ ನಡುವಿನ ಆ ಕೆಲವು ಗಂಟೆಗಳು ವೈದ್ಯವಿಜ್ಞಾನಕ್ಕೆ ಸಿಕ್ಕ ದೊಡ್ಡ ಅವಕಾಶ. ಮೈ ತಂಪು ಮಾಡಿದರೆ ಕೋಶಗಳ ಶಕ್ತಿಯ ಬೇಡಿಕೆ ತಗ್ಗುತ್ತದೆ, ಗ್ಲುಟಮೇಟ್ ಸೋರಿಕೆಯೂ ಉರಿಯೂತವೂ ಕಡಿಮೆಯಾಗುತ್ತವೆ. ಹೀಗಾಗಿ ತುಂಬು ತಿಂಗಳಲ್ಲಿ ಹುಟ್ಟಿ, ಮಧ್ಯಮ ಅಥವಾ ತೀವ್ರ ದರ್ಜೆಯ ತೊಂದರೆ ಇರುವ ಮಗುವನ್ನು 6 ಗಂಟೆಯೊಳಗೆ ತಂಪು ಮಾಡಲು ಶುರುಮಾಡಿ, ಒಳಮೈಯ ಉಷ್ಣತೆಯನ್ನು 33ರಿಂದ 34 ಡಿಗ್ರಿ ಸೆಲ್ಸಿಯಸ್‌ನಲ್ಲಿ 72 ಗಂಟೆ ಹಿಡಿದಿಟ್ಟು, ಆಮೇಲೆ ಗಂಟೆಗೆ ಅರ್ಧ ಡಿಗ್ರಿಯಂತೆ ನಿಧಾನವಾಗಿ ಬೆಚ್ಚಗೆ ಮಾಡುತ್ತಾರೆ. 2013ರ ಕಾಕ್ರೇನ್ ವಿಮರ್ಶೆ 11 ಅಧ್ಯಯನಗಳ 1505 ಮಕ್ಕಳ ಫಲಿತಾಂಶ ಒಟ್ಟುಗೂಡಿಸಿ, ಏಳು ಮಕ್ಕಳಿಗೆ ಹೀಗೆ ಚಿಕಿತ್ಸೆ ಮಾಡಿದರೆ ಒಬ್ಬರನ್ನು ಸಾವು ಅಥವಾ ದೊಡ್ಡ ಅಂಗವೈಕಲ್ಯದಿಂದ ಪಾರು ಮಾಡಬಹುದೆಂದು ತೋರಿಸಿತು. ನವಜಾತ ಶಿಶುಗಳ ಮಿದುಳಿನ ವಿಷಯದಲ್ಲಿ ಇಷ್ಟು ಖಚಿತ ಫಲ ಕೊಟ್ಟ ಚಿಕಿತ್ಸೆ ಇನ್ನೊಂದಿಲ್ಲ. ಇನ್ನೂ ತಂಪಾಗಿ, ಇನ್ನೂ ಹೆಚ್ಚು ದಿನ ಮಾಡಿದರೆ ಮತ್ತಷ್ಟು ಲಾಭವಾದೀತೇ ಎಂದು ಪರೀಕ್ಷಿಸಿದ್ದೂ ಆಯಿತು, ಆಗಲಿಲ್ಲ. ತಂಪಿನ ಜೊತೆ ಎರಿತ್ರೊಪೊಯಿಟಿನ್ ಔಷಧ ಸೇರಿಸಿ ನೋಡಿದ, 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಹೆಚ್ಚುವರಿ ಪ್ರಯೋಜನ ಕಾಣಲಿಲ್ಲ.

ಆದರೆ ಒಂದು ಎಚ್ಚರಿಕೆ ಬಹಳ ಮುಖ್ಯ. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ ಆಸ್ಪತ್ರೆಗಳಲ್ಲಿ 408 ಮಕ್ಕಳ ಮೇಲೆ ನಡೆದ ಹೆಲಿಕ್ಸ್ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ಅಲ್ಲಿ ತಂಪು ಮಾಡಿದ್ದರಿಂದ ಸಾವು ಮತ್ತು ಅಂಗವೈಕಲ್ಯಗಳ ಒಟ್ಟು ಪ್ರಮಾಣ ಇಳಿಯಲಿಲ್ಲ. ಸಾವುಗಳು ಹೆಚ್ಚಾದವು, ತಂಪು ಮಾಡಿದವರಲ್ಲಿ ಶೇ. 42, ಮಾಡದವರಲ್ಲಿ ಶೇ. 31. ಏಕೆ ಹೀಗೆ ಎಂಬುದರ ಬಗ್ಗೆ ತಜ್ಞರಲ್ಲಿ ಚರ್ಚೆ ಇನ್ನೂ ನಡೆದಿದೆ. ಆ ಮಕ್ಕಳಲ್ಲಿ ಹಾನಿ ಹೆರಿಗೆಗೆ ಬಹಳ ಮೊದಲೇ ಶುರುವಾಗಿದ್ದಿರಬಹುದು, ಆ ಆರು ಗಂಟೆಯ ಬಿಡುವು ಹುಟ್ಟುವಷ್ಟರಲ್ಲೇ ಮುಗಿದಿರಬಹುದು ಎಂಬುದು ಒಂದು ವಾದ. ಹೀಗಾಗಿ ಒಂದು ಕಡೆ ಯಶಸ್ವಿಯಾದ ಚಿಕಿತ್ಸೆಯನ್ನು ಎಲ್ಲ ಕಡೆಗೂ ಹಾಗೆಯೇ ಎತ್ತಿಕೊಂಡು ಹೋಗಲು ಬರುವುದಿಲ್ಲ. ಮನೆಯವರು ತಾವೇ ಮಗುವನ್ನು ತಣ್ಣಗೆ ಇಡಲು ಹೋಗುವುದಂತೂ ಪ್ರಾಣಾಪಾಯ. ಇದು ಪ್ರತಿ ನಿಮಿಷವೂ ಉಷ್ಣತೆ ಅಳೆಯುವ, ಬಿಪಿ, ಸಕ್ಕರೆ, ರಕ್ತ ಹೆಪ್ಪುಗಟ್ಟುವಿಕೆ ನೋಡಿಕೊಳ್ಳುವ ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಮಾತ್ರ ಆಗಬೇಕಾದ ಕೆಲಸ.

ತಂಪು ಮಾಡುವ ಸೌಲಭ್ಯ ಇರಲಿ ಇಲ್ಲದಿರಲಿ, ಮಾಡಬೇಕಾದ ಬೇರೆ ಕೆಲಸಗಳಿವೆ. ಮಗುವಿಗೆ ಜ್ವರ ಬರಗೊಡಬಾರದು, ಮೈ ಬಿಸಿಯಾದಷ್ಟೂ ಮಿದುಳಿನ ಹಾನಿ ಹೆಚ್ಚು. ರಕ್ತದ ಸಕ್ಕರೆ ಬೀಳಬಾರದು. ವೆಂಟಿಲೇಟರ್ ಅತಿಯಾಗಿ ಉಸಿರಾಡಿಸಿ ಇಂಗಾಲದ ಡೈಆಕ್ಸೈಡ್ ತೀರಾ ಇಳಿಸಬಾರದು, ಹಾಗೆ ಮಾಡಿದರೆ ಮಿದುಳಿನ ರಕ್ತನಾಳ ಕುಗ್ಗುತ್ತದೆ. ಫಿಟ್ಸ್ ಬಂದರೆ ಮೊದಲ ಔಷಧ ಸಾಮಾನ್ಯವಾಗಿ ಫಿನೋಬಾರ್ಬಿಟೋನ್. ಮೂತ್ರಪಿಂಡ, ಯಕೃತ್ತು, ಹೃದಯಗಳೂ ಪೆಟ್ಟು ತಿಂದಿರುವುದರಿಂದ ಅವುಗಳ ಮೇಲೂ ನಿಗಾ ಬೇಕು. ಅವು ಹೆಚ್ಚಾಗಿ ದಿನಗಳಲ್ಲೇ ಚೇತರಿಸಿಕೊಳ್ಳುತ್ತವೆ.

ಕಾರಣ ಹೆರಿಗೆಯೇ?

ಇಲ್ಲೊಂದು ಹಳೆಯ ವಾದವಿದೆ. 1861ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟ್ಲ್, ಕಷ್ಟದ ಹೆರಿಗೆ ಮತ್ತು ಹುಟ್ಟುವಾಗಿನ ಉಸಿರುಗಟ್ಟುವಿಕೆಯೇ ಮಕ್ಕಳ ಕೈಕಾಲು ಬಿಗಿತಕ್ಕೆ ಕಾರಣವೆಂದು ಪ್ರತಿಪಾದಿಸಿದರು. ಮನೋವಿಶ್ಲೇಷಣೆಗೆ ಹೆಸರಾಗುವ ಮುನ್ನ ನರರೋಗ ವೈದ್ಯರಾಗಿದ್ದ ಸಿಗ್ಮಂಡ್ ಫ್ರಾಯ್ಡ್ 1897ರಲ್ಲಿ ಇದನ್ನು ಪ್ರಶ್ನಿಸಿದರು. ಗರ್ಭದಲ್ಲೇ ತೊಂದರೆಗೊಳಗಾದ ಮಗುವಿಗೆ ಹೆರಿಗೆಯೂ ಕಷ್ಟವಾಗಿರಬಹುದಲ್ಲ ಎಂಬುದು ಅವರ ತರ್ಕ. ಬಹುಕಾಲ ಲಿಟ್ಲ್ ಅವರ ಮಾತೇ ಗೆದ್ದಿತ್ತು. ಈಗ ತಿಳಿದಿರುವಂತೆ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಹೆರಿಗೆ ಸಮಯದ ಆಮ್ಲಜನಕದ ಕೊರತೆಯೊಂದೇ ಕಾರಣವಾಗಿರುವುದು ಸಣ್ಣ ಪಾಲಿನಲ್ಲಿ. ಅವಧಿಪೂರ್ವ ಜನನ, ಸೋಂಕು, ಮಿದುಳಿನ ರಚನೆಯಲ್ಲಿನ ದೋಷ, ಗರ್ಭದಲ್ಲೇ ಆದ ಪಾರ್ಶ್ವವಾಯು, ವಂಶವಾಹಿ ಕಾರಣಗಳು ಉಳಿದ ಭಾಗವನ್ನು ತುಂಬುತ್ತವೆ. ಹುಟ್ಟಿದ ಮಗು ಮಂಪರಾಗಿದ್ದರೆ ಆಮ್ಲಜನಕದ ಕೊರತೆ ಎಂದು ಮೊದಲೇ ನಿಶ್ಚಯಿಸದೆ ಸೋಂಕು, ಸಕ್ಕರೆ ಕೊರತೆ, ಚಯಾಪಚಯದ ಕಾಯಿಲೆಗಳನ್ನೂ ಹುಡುಕಬೇಕು.

ತಾಯಂದಿರಿಗೆ ಒಂದು ಮಾತು. ಸರಿಯಾಗಿ ಮುಕ್ಕಲಿಲ್ಲ, ಓಡಾಡಲಿಲ್ಲ, ಗ್ರಹಣ ನೋಡಿದಳು, ಎಡಮಗ್ಗುಲಿಗೆ ಮಲಗಲಿಲ್ಲ ಎಂದೆಲ್ಲ ಹೇಳುವವರು ಇದ್ದೇ ಇರುತ್ತಾರೆ. ಬಳ್ಳಿ ಜಾರುವುದಾಗಲಿ ಮಾಸು ಬಿಡುವುದಾಗಲಿ ತಾಯಿ ಮುಕ್ಕಿದ ರೀತಿಯಿಂದ ಆಗುವುದಿಲ್ಲ. ಆಕೆಯ ಕೈಯಲ್ಲಿರುವುದು ಮಗುವಿನ ಚಲನೆ ಕಡಿಮೆಯಾಯಿತೆನಿಸಿದಾಗ, ರಕ್ತ ಕಂಡಾಗ, ನೀರು ಒಡೆದಾಗ, ತಲೆನೋವಿನ ಜೊತೆ ಕಣ್ಣು ಮಂಜಾದಾಗ ತಡಮಾಡದೆ ಆಸ್ಪತ್ರೆಗೆ ಹೋಗುವುದು. ಅದನ್ನೂ ಮನೆಯವರು ಜೊತೆಗೂಡಿದರೆ ಮಾತ್ರ ಮಾಡಲಾದೀತು.

ಮುಂದೇನು

"ನನ್ನ ಮಗು ನಡೆಯುತ್ತದೆಯೇ?" ಎಂಬ ಪ್ರಶ್ನೆಗೆ ಮೊದಲ ದಿನವೇ ಉತ್ತರ ಕೊಡುವ ವೈದ್ಯರನ್ನು ನಂಬಬೇಡಿ, ಒಳ್ಳೆಯ ವೈದ್ಯರು ಕಾಯಿರಿ ಎನ್ನುತ್ತಾರೆ, ಅದು ನುಣುಚಿಕೊಳ್ಳುವಿಕೆಯಲ್ಲ. ಸೌಮ್ಯ ದರ್ಜೆಯ ಬಹುಪಾಲು ಮಕ್ಕಳು ಚೆನ್ನಾಗಿ ಬೆಳೆಯುತ್ತವೆ. ತೀವ್ರ ದರ್ಜೆಯಲ್ಲಿ ಸಾವು ಅಥವಾ ದೊಡ್ಡ ತೊಂದರೆಯ ಸಂಭವ ಹೆಚ್ಚು. ನಡುವಿನವರ ಬಗ್ಗೆ ಹೇಳುವುದೇ ಕಷ್ಟ. ಮೊದಲ ವಾರದಲ್ಲಿ ತೆಗೆದ ಎಂಆರ್‌ಐ ಇಲ್ಲಿ ಬಹಳ ಸಹಾಯ ಮಾಡುತ್ತದೆ. ದಿಢೀರನೆ, ಪೂರ್ತಿಯಾಗಿ ಆಮ್ಲಜನಕ ನಿಂತಿದ್ದರೆ ಮಿದುಳಿನ ಆಳದಲ್ಲಿ ಚಲನೆಯನ್ನು ನಿಯಂತ್ರಿಸುವ ಭಾಗಗಳಿಗೆ ಪೆಟ್ಟು ಬೀಳುತ್ತದೆ; ಅಂಥ ಮಕ್ಕಳಲ್ಲಿ ಕೈಕಾಲಿನ ಹಿಡಿತ ತಪ್ಪುವ ಸಂಭವ ಹೆಚ್ಚು. ನಿಧಾನವಾಗಿ, ಅರೆಬರೆ ಕೊರತೆ ಆಗಿದ್ದರೆ ದೊಡ್ಡ ರಕ್ತನಾಳಗಳ ವ್ಯಾಪ್ತಿ ಒಂದಕ್ಕೊಂದು ತಾಗುವ ಗಡಿ ಪ್ರದೇಶಗಳು ಸೊರಗುತ್ತವೆ. ಅಲ್ಲಿ ನಡಿಗೆಗಿಂತ ಕಲಿಕೆ, ದೃಷ್ಟಿಯ ಗ್ರಹಿಕೆ, ಮಾತು ತೊಂದರೆಗೊಳಗಾಗಬಹುದು.

ಮೊದಲ ತಿಂಗಳುಗಳಲ್ಲೇ ಮಗುವಿನ ಸಹಜ ಚಲನೆಗಳನ್ನು ನೋಡಿ ಸೆರೆಬ್ರಲ್ ಪಾಲ್ಸಿಯ ಸಂಭವವನ್ನು ಗುರುತಿಸುವ ಪರೀಕ್ಷೆಗಳಿವೆ. ಮೂರ್ನಾಲ್ಕು ತಿಂಗಳಿಗೆ ಮಗು ಸದಾ ಮುಷ್ಟಿ ಬಿಗಿದೇ ಇಟ್ಟರೆ, ಒಂದೇ ಕೈಯನ್ನು ಹೆಚ್ಚು ಬಳಸಿದರೆ, ಕಾಲು ಕತ್ತರಿಯಂತೆ ಬಿಗಿದುಕೊಂಡರೆ, ತಲೆಯ ಸುತ್ತಳತೆ ಬೆಳೆಯದಿದ್ದರೆ ಒಂದು ವರ್ಷ ಆಗಲಿ ನೋಡೋಣ ಎಂದು ಕಾಯಬಾರದು. ಫಿಸಿಯೋಥೆರಪಿ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಕಿವಿ ಮತ್ತು ಕಣ್ಣಿನ ಪರೀಕ್ಷೆಯೂ ಆಗಬೇಕು.

ಎರಡು ವರ್ಷಕ್ಕೆ ಓಡಾಡಿ ಮಾತಾಡುವ ಮಗುವನ್ನು ನೋಡಿ ಎಲ್ಲರೂ ನಿರಾಳವಾಗುತ್ತಾರೆ, ಆಗಬೇಕು ಕೂಡ. ಆದರೆ ಏಕಾಗ್ರತೆ, ನೆನಪು, ಕೈಬರಹ, ಲೆಕ್ಕಗಳಲ್ಲಿನ ಸಣ್ಣ ತೊಡಕುಗಳು ಶಾಲೆಗೆ ಸೇರಿದ ಮೇಲೆಯೇ ಹೊರಗೆ ಕಾಣುತ್ತವೆ. ಹಾಗಾಗಿ ಎನ್‌ಐಸಿಯುನಲ್ಲಿ ಮಧ್ಯಮ ಅಥವಾ ತೀವ್ರ ದರ್ಜೆಯ ಚಿಕಿತ್ಸೆ ಪಡೆದ ಮಗುವನ್ನು ಆರೇಳು ವರ್ಷಕ್ಕೆ ಮತ್ತೊಮ್ಮೆ ತೋರಿಸಬೇಕು. ಬಿಡುಗಡೆಯ ಚೀಟಿ, ಬಳ್ಳಿ ರಕ್ತದ ಪಿಎಚ್, ಅಪ್ಗಾರ್ ಅಂಕ, ಎಂಆರ್‌ಐ ವರದಿ, ಯಾವ ದರ್ಜೆಯ ತೊಂದರೆ ಇತ್ತೆಂಬ ಟಿಪ್ಪಣಿ ಇವನ್ನು ಒಂದು ಕಡೆ ಜೋಪಾನವಾಗಿ ಇಟ್ಟುಕೊಂಡಿರಬೇಕು. ಅಷ್ಟು ವರ್ಷದ ಮೇಲೆ ಮಗುವನ್ನು ನೋಡುವ ಹೊಸ ವೈದ್ಯರಿಗೆ "ಹುಟ್ಟಿದಾಗ ಅಳಲಿಲ್ಲವಂತೆ" ಎಂಬುದಕ್ಕಿಂತ ಹೆಚ್ಚಿನದನ್ನು ಹೇಳಬಲ್ಲವು ಆ ಕಾಗದಗಳು ಮಾತ್ರ.